ಫೈಲಿಗೆ ಹೆಸರಿಟ್ಟ ಕಾಕ

ಕಾಕನ ಬಲಗೈಯ ತೋರುಬೆರಳು ತುದಿಯ ಗಂಟಿನಲ್ಲಿ ಎಡಕ್ಕೆ ವಾಲಿತ್ತು, ಬಾವಿಗೆ ಬಿದ್ದ ಕೊಡಪಾನ ಎತ್ತುವ ಕೊಕ್ಕೆಯ ಹಾಗೆ. ಮರುಭೂಮಿಯಲ್ಲಿ ಯಾವುದೋ ಕಂಟೇನರಿನ ಬಾಗಿಲು ಗಾಳಿಗೆ ಬಡಿದು ಹಾಗಾದದ್ದಂತೆ. ಉಳಿದ ಒಂಬತ್ತು ಬೆರಳು ನೆಟ್ಟಗಿದ್ದರೂ ಕಂಪ್ಯೂಟರಿನಲ್ಲಿ ಟೈಪು ಮಾಡಲು ಅವರು ಬಳಸುತ್ತಿದ್ದದ್ದು ಅದೊಂದನ್ನೇ. ಬೆರಳು ಮೇಲೆತ್ತಿ, ಅಕ್ಷರ ಹುಡುಕಿ, ಬಾಯಲ್ಲಿ ಅದರ ಹೆಸರು ಹೇಳಿ, ಕೋಳಿ ಅಕ್ಕಿ ಹೆಕ್ಕಿದ ಹಾಗೆ ಟಕ್ ಎಂದು ಒಂದು ಕುಕ್ಕು. ಮತ್ತೆ ಬೆರಳು ಮೇಲಕ್ಕೆ. ಒಂದು ಫೈಲಿಗೆ ಹೆಸರಿಟ್ಟು ಮುಗಿಸುವಷ್ಟರಲ್ಲಿ ಮೇಜಿನ ಮೇಲಿನ ಚಾ ತಣ್ಣಗಾಗಿರುತ್ತಿತ್ತು.

ನಾನು ಇದನ್ನು ಬಹಳ ಚೆನ್ನಾಗಿ ಮಾಡುತ್ತಿದ್ದೆ. ಟೈಪು ಮಾಡುವುದನ್ನಲ್ಲ, ಕಾಕನನ್ನು. ಅವರು ನಮಾಜಿಗೆ ಹೋದ ಕೂಡಲೇ ಅವರ ಕುರ್ಚಿಯಲ್ಲಿ ಕುಳಿತು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಎರಡು... ಸೊನ್ನೆ... ಎರಡು..." ಎಂದು ಕುಕ್ಕತೊಡಗಿದರೆ ಜೆರಾಕ್ಸಿಗೆ ಸಾಲಿನಲ್ಲಿ ನಿಂತ ಮಣಿಪಾಲದ ಕಾಲೇಜು ಹುಡುಗಿಯರು ಗೋಡೆಗೆ ಒರಗಿ ನಗುತ್ತಿದ್ದರು. ಅವರಲ್ಲಿ ಅರ್ಧ ಜನಕ್ಕೆ ಕನ್ನಡ ಬರುತ್ತಿರಲಿಲ್ಲ. ಕಲೆಗೆ ಭಾಷೆಯ ಹಂಗಿಲ್ಲ ಎಂದು ನಾನು ನಂಬಿದ್ದೆ. ಈಗ ಯೋಚಿಸಿದರೆ, ಅವರು ನಕ್ಕದ್ದು ನನ್ನ ಮುಖಕ್ಕೂ ಇರಬಹುದು.

ನಮ್ಮದು ಉಡುಪಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಜೆರಾಕ್ಸ್ ಅಂಗಡಿ. ಬೋರ್ಡಿನಲ್ಲಿ ಜೆರಾಕ್ಸ್ ಎಂದಿದ್ದರೂ ಸ್ಕ್ಯಾನ್, ಲ್ಯಾಮಿನೇಶನ್, ಆನ್‌ಲೈನ್ ಅರ್ಜಿ, ಪ್ರಾಜೆಕ್ಟ್ ಬೈಂಡಿಂಗ್ ಎಲ್ಲವೂ ಉಂಟು. ಹಳೆಯ ಧಣಿ ಮುಂಬಯಿಗೆ ಮಗಳ ಮನೆಗೆ ಹೋಗಿ ಕೂರುತ್ತೇನೆಂದು ಅಂಗಡಿಯನ್ನು ಕಾಕನಿಗೆ ಬಿಟ್ಟುಕೊಟ್ಟರು. ಎರಡು ಕಂಪ್ಯೂಟರ್, ಮೂರು ಪ್ರಿಂಟರ್, ಕಾಲು ಅಲ್ಲಾಡುವ ಒಂದು ಸ್ಟೂಲು ಮತ್ತು ಹಿರಿಯಡ್ಕದಿಂದ ದಿನಾ ತಡವಾಗಿ ಬರುವ ನಾನು, ಇಷ್ಟು ಅವರ ಪಾಲಿಗೆ ಬಂದ ಆಸ್ತಿ. ಅವರು ಕಾಪು ಕಡೆಯ ಬ್ಯಾರಿ ಮುಸ್ಲಿಮರು. ಮೊದಲ ದಿನ ನಾನು ಕಾಕ ಎಂದು ಕರೆದೆ, ಆಮೇಲೆ ಓಣಿಗೆಲ್ಲ ಅವರು ಕಾಕನೇ ಆದರು. ಗಲ್ಫಿನಲ್ಲಿ ಇಪ್ಪತ್ತಾರು ವರ್ಷ ಡಾಕ್ಯುಮೆಂಟ್ ಕಂಟ್ರೋಲರ್ ಆಗಿದ್ದವರು.

"ಅದು ಎಂತ ಕೆಲಸ ಕಾಕ?" ಎಂದು ಕೇಳಿದೆ.

"ಒಂದು ರಿಫೈನರಿ ಕಟ್ಟಲಿಕ್ಕೆ ಲಾರಿಗಟ್ಟಲೆ ಕಾಗದ ಬೇಕು ಮಾರಾಯ. ಯಾರು ಯಾವಾಗ ಯಾವ ಕಾಗದ ಕೇಳಿದರೂ ಹುಡುಕಿ ಕೊಡಬೇಕು. ಅದು ನನ್ನ ಕೆಲಸ."

"ಹಾಗಾದರೆ ಅದೂ ಜೆರಾಕ್ಸ್ ಅಂಗಡಿಯೇ."

"ಹೌದು," ಎಂದರು ಕಾಕ. "ಆದರೆ ಎಸಿ ಇತ್ತು."

ಮನುಷ್ಯ ಸುಲಭಕ್ಕೆ ಸಿಗುವವನಲ್ಲ ಎಂದು ನನಗೆ ಆಗಲೇ ಗೊತ್ತಾಗಬೇಕಿತ್ತು.

ನಾನು ಫೈಲುಗಳಿಗೆ ಹೆಸರಿಡುತ್ತಿದ್ದ ರೀತಿಯನ್ನು ಇಲ್ಲಿ ಹೇಳಲೇಬೇಕು. ನನಗೆ ಜನರ ಹೆಸರು ನೆನಪಿರುವುದಿಲ್ಲ. ದನಿ, ನಡಿಗೆ, ಕೆಮ್ಮುವ ಬಗೆ, ಪರ್ಸು ತೆರೆಯುವ ಚಂದ, ಇವೆಲ್ಲ ಒಮ್ಮೆ ನೋಡಿದರೆ ಸಾಕು, ಒಳಗೆ ಅಚ್ಚಾಗಿ ಉಳಿಯುತ್ತವೆ. ಆದ್ದರಿಂದ ಸ್ಕ್ಯಾನ್ ಮಾಡಿದ ಕಾಗದಕ್ಕೆ ಮನುಷ್ಯನ ಹೆಸರಿನ ಬದಲು ನಾನು ಕಂಡ ಚಿತ್ರವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟಿ ಇಡುತ್ತಿದ್ದೆ: 'ಕೊಡೆ ಬಾಯಮ್ಮ', 'ಅವಸರದ ಅಣ್ಣ', 'ಅಡಿಕೆ ಅಜ್ಜ', 'ಕನ್ನಡಕ ಮಾಸ್ಟ್ರು'. ಯಾರಾದರೂ ಮತ್ತೆ ಬಂದು, "ಕಳೆದ ತಿಂಗಳು ಒಂದು ಪಹಣಿ ಸ್ಕ್ಯಾನ್ ಮಾಡಿಸಿದ್ದೆ" ಎಂದು ಬಾಯಿ ತೆರೆದರೆ ಸಾಕು, ಆ ಬಾಯಲ್ಲಿ ಅಡಿಕೆ ಕಾಣುತ್ತಿತ್ತು, ಫೈಲು ಸಿಗುತ್ತಿತ್ತು. ಹಳೆಯ ಧಣಿ ಇದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹೀಗೆ ಮೂರು ಸಾವಿರಕ್ಕೂ ಸ್ವಲ್ಪ ಹೆಚ್ಚು ಫೈಲುಗಳು ಕಂಪ್ಯೂಟರಿನಲ್ಲಿ ತುಂಬಿದ್ದವು.

ಕಾಕ ಬಂದ ಮೂರನೆಯ ದಿನ ಅವರ ಆಧಾರ್ ಕಾರ್ಡನ್ನು ನಾನೇ ಸ್ಕ್ಯಾನ್ ಮಾಡಿದೆ. ಅಭ್ಯಾಸಬಲದಿಂದ ಹೆಸರನ್ನೂ ಇಟ್ಟೆ. ಮಧ್ಯಾಹ್ನ ಅವರು ಫೈಲುಗಳನ್ನು ಮೇಲಿಂದ ಕೆಳಗೆ ನೋಡುತ್ತ ಬಂದವರು ಒಂದು ಕಡೆ ನಿಂತರು. ತುಟಿ ಅಲುಗಿಸಿ ಒಂದೊಂದೇ ಅಕ್ಷರ ಕೂಡಿಸಿದರು. "ಕೊ... ಕ್ಕೆ... ಕಾ... ಕ." ನಾನು ಲ್ಯಾಮಿನೇಶನ್ ಯಂತ್ರದೊಳಗೆ ತಲೆ ಇಡುವುದೊಂದು ಬಾಕಿ. ಕಾಕ ತಮ್ಮ ಬೆರಳನ್ನೊಮ್ಮೆ ನೋಡಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ದಿನಾಂಕ ಹಾಕಲಿಲ್ಲ," ಎಂದರು.

ಅಷ್ಟೇ. ಬೈದಿದ್ದರೆ ನಾನು ಅದನ್ನೂ ಅನುಕರಿಸಿ ಮುಗಿಸುತ್ತಿದ್ದೆ. ಬೈಯದ ಮನುಷ್ಯನನ್ನು ಎಂತ ಮಾಡುವುದು?

ಮರುದಿನ ಒಂದು ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಿಂದ ಕ್ರಮ ಬರೆದು ಗೋಡೆಗೆ ಅಂಟಿಸಿದರು. ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ. ನಂತರ ಊರು, ಮನೆಯ ಹೆಸರು, ಮನುಷ್ಯನ ಹೆಸರು, ಕಾಗದ ಯಾವುದು. ಕೊನೆಗೆ ಎರಡು ಅಂಕಿಯ ಸಂಖ್ಯೆ. ನಡುವೆ ಜಾಗ ಬಿಡಬಾರದು, ಅಡ್ಡಗೆರೆ ಹಾಕಬೇಕು.

"ಎಲ್ಲರೂ ದಿನ ಮೊದಲು ಬರೆಯುವುದು ಕಾಕ. ನೀವು ಉಲ್ಟಾ ಹೇಳುತ್ತೀರಿ."

"ಮನುಷ್ಯರಿಗೆ ದಿನ ಮೊದಲು. ಕಂಪ್ಯೂಟರಿಗೆ ಹಾಗಲ್ಲ. ದಿನ ಮೊದಲು ಬರೆದರೆ ಎಲ್ಲ ತಿಂಗಳ ಒಂದನೇ ತಾರೀಕು ಒಂದೇ ಬೆಂಚಿನಲ್ಲಿ ಕೂರುತ್ತದೆ. ಯಾವ ವರ್ಷದ್ದು, ಯಾವ ತಿಂಗಳದ್ದು, ಯಾರಿಗೆ ಗೊತ್ತು?"

"ಮನೆಯ ಹೆಸರು ಯಾಕೆ? ಮನುಷ್ಯನ ಹೆಸರು ಸಾಲುವುದಿಲ್ಲವಾ?"

"ಹಿರಿಯಡ್ಕದಲ್ಲಿ ಸುರೇಶ ಎಷ್ಟು ಜನ ಉಂಟು?"

ನಾನು ಬೆರಳು ಮಡಚಿ ಏಳರವರೆಗೆ ಎಣಿಸಿ ಬಿಟ್ಟೆ.

"ಕಾಪುವಿನಲ್ಲಿ ಅಬ್ದುಲ್ಲ ಅದಕ್ಕಿಂತ ಹೆಚ್ಚು," ಎಂದರು.

ಪ್ರಾಜೆಕ್ಟ್ ಪ್ರಿಂಟ್ ಹಾಕಿಸಲು ಬರುವ ವಿದ್ಯಾರ್ಥಿಗಳ ಪೆನ್‌ಡ್ರೈವುಗಳಲ್ಲಿ ಒಂದು 'ಫೈನಲ್', ಒಂದು 'ಫೈನಲ್ ಎರಡು', ಒಂದು 'ನಿಜವಾದ ಫೈನಲ್' ಇರುತ್ತಿತ್ತು. ಅವರಿಗೆ ಕಾಕ ಹೇಳುತ್ತಿದ್ದದ್ದು ಒಂದೇ ಮಾತು: "ಫೈನಲ್ ಅಂತ ಹೆಸರು ಇಡಬೇಡಿ. ಫೈನಲ್ ಆಗುವುದು ಕಬರಿನಲ್ಲಿ. ಅಲ್ಲಿಯವರೆಗೆ ನಂಬರ್ ಹಾಕಿ."

ಹೊಸ ಫೈಲುಗಳು ರಟ್ಟಿನ ಪ್ರಕಾರ ನಡೆಯತೊಡಗಿದವು. ಉಳಿದದ್ದು ಹಳೆಯ ಮೂರು ಸಾವಿರ. ಒಂದೊಂದನ್ನೂ ತೆರೆದು, ಕಾಗದ ಓದಿ, ಸರಿಯಾದ ಹೆಸರಿಡಬೇಕು. "ಅವಸರ ಇಲ್ಲ, ದಿನಕ್ಕೆ ಐವತ್ತು ಮಾಡು," ಎಂದರು. ಎರಡು ದಿನ ಮಾಡಿದೆ. ಮೂರನೆಯ ದಿನ, ಒಂದು ಶುಕ್ರವಾರ, ಕಾಕ ಜುಮಾಕ್ಕೆ ಹೋದಾಗ ನನ್ನ ಬುದ್ಧಿ ಓಡಿತು. ಮಾಡಿದ ನೂರನ್ನು ಬದಿಗಿಟ್ಟು ಉಳಿದ ಎಲ್ಲ ಫೈಲುಗಳನ್ನು ಒಟ್ಟಿಗೆ ಆರಿಸಿ ಒಂದೇ ಏಟಿಗೆ ಹೆಸರು ಬದಲಿಸುವ ಉಪಾಯ ನನಗೆ ಗೊತ್ತಿತ್ತು. ಅವತ್ತಿನ ತಾರೀಕು, ಅಡ್ಡಗೆರೆ, ಉಡುಪಿ, ಅಡ್ಡಗೆರೆ, ಹಳೆಯದು, ಅಡ್ಡಗೆರೆ, ಒಂದರಿಂದ ಕೊನೆಯವರೆಗೆ ಸಂಖ್ಯೆ. ಗುಂಡಿ ಒತ್ತಿದೆ. ಅಡಿಕೆ ಅಜ್ಜ, ಕೊಡೆ ಬಾಯಮ್ಮ ಎಲ್ಲರೂ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮಾಯ. ಅವರ ಜಾಗದಲ್ಲಿ ಪೊಲೀಸ್ ಪರೇಡಿನ ಹಾಗೆ ನೆಟ್ಟಗೆ ನಿಂತ ಸಾಲು.

ಕಾಕ ವಾರ ಕಳೆದು ಕೇಳಿದರು. ಮುಗಿಯಿತು ಎಂದೆ. ಅವರು ಸಾಲನ್ನು ಮೇಲಿಂದ ಕೆಳಗೆ ನೋಡಿದರು. ಎಲ್ಲದಕ್ಕೂ ದಿನಾಂಕ ಮೊದಲು, ಎಲ್ಲದಕ್ಕೂ ಅಡ್ಡಗೆರೆ. ಒಂದನ್ನೂ ತೆರೆಯಲಿಲ್ಲ. "ಮಾಷಾ ಅಲ್ಲಾ," ಎಂದು ನನ್ನ ಬೆನ್ನು ತಟ್ಟಿ, ಎದುರಿನ ಹೋಟೆಲಿನಿಂದ ಗೋಳಿಬಜೆ ತರಿಸಿದರು. ನಾನು ತಿಂದೆ. ರುಚಿಯಾಗಿತ್ತು ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ಅದಾಗಿ ಹನ್ನೆರಡು ದಿನ. ಮಧ್ಯಾಹ್ನ ಎರಡೂವರೆ ದಾಟಿತ್ತು. ಒಬ್ಬ ಹೆಂಗಸು ಓಡುತ್ತ ಬಂದರು. ಕಾರ್ಕಳ ಬಸ್ಸಿನಿಂದ ಇಳಿದವರು ನಿಲ್ಲದೆ ಓಡಿದ್ದಿರಬೇಕು, ಚಪ್ಪಲಿಯ ಒಂದು ಪಟ್ಟಿ ಕಿತ್ತು ಹೋಗಿತ್ತು. ಮೂವತ್ತರ ಹತ್ತಿರದ ವಯಸ್ಸು. ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು, ಹೆಸರಲ್ಲ.

"ಅಣ್ಣ, ನನ್ನ ಸರ್ಟಿಫಿಕೇಟ್ ಇಲ್ಲಿ ಸ್ಕ್ಯಾನ್ ಮಾಡಿಸಿದ್ದೆ. ಎರಡು ತಿಂಗಳ ಹಿಂದೆ. ಅದು ಈಗ ಬೇಕು."

ನನಗಿಂತ ಏಳೆಂಟು ವರ್ಷ ದೊಡ್ಡವರು ನನ್ನನ್ನು ಅಣ್ಣ ಎಂದದ್ದಕ್ಕೆ ಒಂದು ಮಾತು ಬಿಡಬೇಕೆಂದಿದ್ದೆ. ಅವರ ಮುಖ ನೋಡಿ ಬಿಡಲಿಲ್ಲ.

ಅವರು ಕಾರ್ಕಳದ ಸಣ್ಣ ನರ್ಸಿಂಗ್ ಹೋಮಿನಲ್ಲಿ ನರ್ಸ್. ಎರಡು ವರ್ಷ ಪರೀಕ್ಷೆ, ಸಂದರ್ಶನ ಎಂದು ಓಡಾಡಿದ ಮೇಲೆ ಗಲ್ಫಿನ ಒಂದು ಆಸ್ಪತ್ರೆಯಲ್ಲಿ ಆಯ್ಕೆಯಾಗಿದ್ದರು. ಐದು ಸರ್ಟಿಫಿಕೇಟುಗಳನ್ನು ಅವರ ವೆಬ್‌ಸೈಟಿಗೆ ಏರಿಸಲು ಅವತ್ತು ಸಂಜೆ ನಾಲ್ಕು ಗಂಟೆ ಕೊನೆ. ತಪ್ಪಿದರೆ ಪಟ್ಟಿಯಲ್ಲಿ ಅವರ ಕೆಳಗಿರುವವರಿಗೆ ಹೋಗುತ್ತದೆ. ಮೂಲ ಸರ್ಟಿಫಿಕೇಟುಗಳು ಮುದ್ರೆ ಹಾಕಿಸಲು ಏಜೆಂಟಿನ ಮೂಲಕ ದೆಹಲಿಗೆ ಹೋಗಿದ್ದವು, ಬರಲು ಇನ್ನೂ ಹತ್ತು ದಿನ. ನಾವು ಮೊಬೈಲಿಗೆ ಕಳುಹಿಸಿದ್ದ ಪ್ರತಿ ಮೊಬೈಲಿನ ಜೊತೆ ಹೋಗಿತ್ತು. ಮಗು ಅದನ್ನು ಬಚ್ಚಲಿನ ಹಂಡೆಗೆ ಹಾಕಿತ್ತು. ಕಳುಹಿಸಿದ ಫೋನು ಹಳೆಯ ಧಣಿಯದ್ದು, ಅದು ಮುಂಬಯಿಯಲ್ಲಿ ಎಲ್ಲವನ್ನೂ ಅಳಿಸಿಕೊಂಡು ಕುಳಿತಿತ್ತು. ಅವತ್ತು ಕೈಗೆಟಕುವ ಹಾಗೆ ಆ ಐದು ಕಾಗದಗಳು ಉಳಿದಿದ್ದದ್ದು ನಮ್ಮ ಕಂಪ್ಯೂಟರಿನಲ್ಲಿ ಮಾತ್ರ.

"ಹೆದರಬೇಡಿ ಅಕ್ಕ," ಎಂದರು ಕಾಕ ಬಹಳ ಖುಷಿಯಿಂದ. ಇಷ್ಟು ದಿನ ಹೇಳುತ್ತಿದ್ದ ಕ್ರಮದ ಬೆಲೆ ಕಾಣುವ ಹೊತ್ತು ಬಂತೆಂದು ಅವರಿಗೆ ಅನಿಸಿರಬೇಕು. "ಎಲ್ಲ ಸರಿಯಾಗಿ ಹೆಸರಿಟ್ಟಿದ್ದಾನೆ ನಮ್ಮ ಹುಡುಗ. ಮನೆ ಹೆಸರು ಹೇಳಿ, ಒಂದು ನಿಮಿಷ."

ಅವರು ಮನೆಯ ಹೆಸರು ಹೇಳಿದರು. ಕಾಕ ಬೆರಳೆತ್ತಿ ಒಂದೊಂದಾಗಿ ಕುಕ್ಕಿದರು. ಏನೂ ಬರಲಿಲ್ಲ. ಅವರ ಹೆಸರು ಕುಕ್ಕಿದರು. ಬರಲಿಲ್ಲ. ಕಾರ್ಕಳ. ಬರಲಿಲ್ಲ. ಕಾಕ ಒಂದು ಹಳೆಯ ಫೈಲು ತೆರೆದರು, ಅದರ ಹೆಸರು ಓದಿದರು. ಇನ್ನೊಂದು ತೆರೆದರು. ನಾಲ್ಕನೆಯದಕ್ಕೆ ಅವರ ಕೈ ನಿಂತಿತು. ಅವರು ನನ್ನನ್ನು ನೋಡಲಿಲ್ಲ. ಪರದೆಯನ್ನೇ ನೋಡುತ್ತ, "ಎಷ್ಟು ಹೊತ್ತಿನಲ್ಲಿ ಮುಗಿಸಿದ್ದೆ?" ಎಂದು ಕೇಳಿದರು.

"ಒಂದು... ಒಂದು ನಿಮಿಷ, ಕಾಕ."

ಮಾಡಿದ್ದನ್ನು ಹಿಂದೆ ತಿರುಗಿಸುವ ದಾರಿ ಆ ಶುಕ್ರವಾರ ಕಂಪ್ಯೂಟರ್ ಆರಿಸಿದಾಗಲೇ ಮುಚ್ಚಿತ್ತು. ಧಣಿಯ ಕಾಲದಲ್ಲಿ ಕಂಪ್ಯೂಟರಿನ ಒಳಗಡಿಯಾರ ಕೆಟ್ಟಿದ್ದರಿಂದ ಫೈಲುಗಳ ಮೇಲೆ ತಾನಾಗಿ ಬಿದ್ದ ತಾರೀಕೂ ನಂಬುವ ಹಾಗಿರಲಿಲ್ಲ. ಒಂದೊಂದನ್ನೇ ತೆರೆಯುತ್ತ ಹೋದರೆ ನಮ್ಮ ಮುದಿ ಕಂಪ್ಯೂಟರಿಗೆ ಎರಡು ದಿನ ಬೇಕು. ಗೋಡೆಯ ಗಡಿಯಾರದಲ್ಲಿ ಎರಡು ಐವತ್ತೈದು. ಆ ಹೆಂಗಸು ಇನ್ನೂ ಕಾಕನ 'ಒಂದು ನಿಮಿಷ'ವನ್ನು ನಂಬಿ ನಿಂತಿದ್ದರು.

ಕಾಕ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದರು. "ನೀನು ನಂಬರ್ ಹಾಕುವ ಮೊದಲು ಫೈಲುಗಳು ಯಾವ ಸಾಲಿನಲ್ಲಿ ನಿಂತಿದ್ದವು?"

"ಹೆಸರಿನ ಸಾಲು. ಎ, ಬಿ, ಸಿ."

"ಹಾಗಾದರೆ ನಂಬರೂ ಅದೇ ಸಾಲಿನಲ್ಲಿ ಬಿದ್ದಿದೆ. ಹೆಸರು ಹೋಗಿದೆ, ಹೆಸರು ನಿಂತಿದ್ದ ಜಾಗ ಹೋಗಲಿಲ್ಲ." ಅವರು ಕುರ್ಚಿಯನ್ನು ನನಗೆ ಬಿಟ್ಟು ಎದ್ದರು. "ಇವರಿಗೆ ಎಂತ ಹೆಸರಿಟ್ಟಿದ್ದೆ? ಅದು ಹೇಳು, ಸಿಗುತ್ತದೆ."

ನನಗೆ ಗೊತ್ತಿತ್ತು. ಅವರು ಓಣಿಯ ತಿರುವಿನಲ್ಲಿ ಕಂಡಾಗಲೇ ಗೊತ್ತಿತ್ತು. ಎರಡು ತಿಂಗಳ ಹಿಂದೆ ಅವರು ಬಂದು, ಸರ್ಟಿಫಿಕೇಟುಗಳನ್ನು ನನ್ನ ಕೈಗೆ ಕೊಟ್ಟು, ಈ ಮೇಜಿನ ಪಕ್ಕದಲ್ಲೇ ನಿಂತು ಕಾರಣವಿಲ್ಲದೆ ಅತ್ತಿದ್ದರು. ಸೆರಗನ್ನು ಎದೆಗೆ ಒತ್ತಿ ಹಿಡಿದು, ಸದ್ದಿಲ್ಲದೆ, ಮೂಗು ಸೊರಸೊರ ಎನ್ನಿಸುತ್ತ. ಅವರು ಹೋದ ಮೇಲೆ ಹಳೆಯ ಧಣಿಗೆ ಅದನ್ನು ಮಾಡಿ ತೋರಿಸಿದ್ದೆ. ಫೈಲಿಗೆ ಇಟ್ಟ ಹೆಸರು 'ಅಳುಬುರುಕಿ'.

"'ಕಾರ್ಕಳ ಅಕ್ಕ' ಎಂದಿರಬೇಕು," ಎಂದೆ.

ಆ ಒಂದು ಸುಳ್ಳಿನ ಬೆಲೆ ಹದಿನೇಳು ನಿಮಿಷ. 'ಕ' ಇರಬಹುದಾದ ಕಡೆ ಒಂದು ನಂಬರ್ ತೆರೆದೆವು. ಒಂದು ಟಿ.ಸಿ. ಬಂತು. "ಇದು ಯಾರು?" ಎಂದರು ಕಾಕ. "ಕನ್ನಡಕ ಮಾಸ್ಟ್ರು," ಎಂದೆ. ಇನ್ನಷ್ಟು ಮುಂದೆ ಹೋಗಿ ಒಂದು. "ಕತ್ತರಿ ಅಣ್ಣ, ಸೆಲೂನಿನವರು." ಇವೆರಡರ ನಡುವೆಯೇ ಕಾರ್ಕಳ ಅಕ್ಕ ಇರಬೇಕು. ಒಂದೊಂದಾಗಿ ತೆರೆಯುತ್ತ ಹೋದೆ. ಇಲ್ಲದವರನ್ನು ಹುಡುಕುವವನ ನಟನೆ ನನ್ನ ಜೀವನದ ಅತ್ಯುತ್ತಮ ನಟನೆಯಾಗಿತ್ತು. ಬೆವರು ಮಾತ್ರ ನಿಜ. ಹೆಂಗಸು ನನ್ನ ಬೆನ್ನ ಹಿಂದೆ ಬಂದು ನಿಂತಿದ್ದರು. ಪ್ರತಿ ಕಾಗದ ತೆರೆದಾಗಲೂ ಅವರ ಉಸಿರು ನಿಲ್ಲುವುದು, ತಮ್ಮದಲ್ಲ ಎಂದಾಗ ಹೊರಬೀಳುವುದು ನನ್ನ ಕತ್ತಿಗೆ ತಾಗುತ್ತಿತ್ತು.

ಮೂರೂ ಹದಿನೆಂಟು. ಕಾಕ ನನ್ನ ಕೈಯ ಮೇಲೆ ಕೈ ಇಟ್ಟು ಮೌಸನ್ನು ನಿಲ್ಲಿಸಿದರು.

"ನೀನು ಯಾರನ್ನೂ ಊರಿನ ಹೆಸರಿನಿಂದ ಕರೆಯುವವನಲ್ಲ," ಎಂದರು ಮೆಲ್ಲಗೆ. "ನಾನು ಕೊಕ್ಕೆ ಕಾಕ. ಕಾಪು ಕಾಕ ಅಲ್ಲ. ನಾನು ನಮಾಜಿಗೆ ಹೋದಾಗ ನೀನು ನನ್ನ ಕುರ್ಚಿಯಲ್ಲಿ ಕೂತು ಎಂತ ಮಾಡುತ್ತೀ ಎಂದೂ ನನಗೆ ಗೊತ್ತುಂಟು. ಅದಕ್ಕೆ ನಾನು ಏನೂ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಇವರ ಹೆಸರು ಎಂತ?"

ಅಂಗಡಿಯಲ್ಲಿ ನಾಲ್ಕೈದು ಜನ ಇದ್ದರು. ಪ್ರಿಂಟರ್ ಕೂಡ ಆಗಲೇ ಸುಮ್ಮನಾಗಬೇಕೆ? ನಾನು ಪರದೆಗೆ ಹೇಳಿದೆ, ಹಿಂದೆ ತಿರುಗದೆ.

"ಅಳುಬುರುಕಿ."

ಬೆನ್ನ ಹಿಂದಿನ ಉಸಿರು ನಿಂತಿತು. ಆಮೇಲೆ ಆಕೆಯ ದನಿ ಕೇಳಿತು. ದನಿಯಲ್ಲಿ ಸಿಟ್ಟಿರಲಿಲ್ಲ, ರೋಗಿಗೆ ಮಾತ್ರೆಯ ಲೆಕ್ಕ ಹೇಳುವವರ ದನಿ.

"ಮಗುವಿಗೆ ಹಾಲು ಬಿಡಿಸಿದ್ದು ಅದೇ ವಾರ. ಬಿಟ್ಟು ಹೋಗಬೇಕಲ್ಲ, ಅದಕ್ಕೆ ಈಗಲೇ ಅಭ್ಯಾಸ ಆಗಲಿ ಎಂದು. ಎದೆ ಕಟ್ಟಿ ಬೆಂಕಿಯ ಹಾಗೆ ಉರಿಯುತ್ತಿತ್ತು. ಹೌದು, ಅತ್ತಿದ್ದೆ." ಗಡಿಯಾರ ನೋಡಿ, "ಬೇಗ ತೆಗೆಯಿರಿ. ಇನ್ನು ನಲವತ್ತು ನಿಮಿಷ ಉಂಟು," ಎಂದರು.

ನಾನು ಮೌಸ್ ಹಿಡಿದು ಸಾಲಿನ ತುದಿಗೆ ಹೋದೆ.

'ಅ' ಸಾಲಿನ ಮೊದಲಿಗೇ ಬರುತ್ತದೆ. ತೊಂಬತ್ತನಾಲ್ಕನೆಯದನ್ನು ತೆರೆದೆ. ಒಂದು ರೇಶನ್ ಕಾರ್ಡು. ಲ್ಯಾಮಿನೇಶನಿಗೆ ಕಾಯುತ್ತಿದ್ದ ಒಬ್ಬರು ಕತ್ತು ಉದ್ದ ಮಾಡಿ, "ಅದು ನನ್ನದಲ್ವಾ?" ಎಂದರು.

"ಇವರಿಗೆ?" ಎಂದರು ಕಾಕ.

"ಅವಸರದ ಅಣ್ಣ."

"ನನಗೆ ಎಂತ ಅವಸರ ಮಾರಾಯ?" ಎಂದರು ಅವರು. "ಮುಂದೆ ನೋಡು, ಬೇಗ."

ಯಾರೂ ನಗಲಿಲ್ಲ. ಇಂಗ್ಲಿಷ್ ಸಾಲಿನಲ್ಲಿ ಅವಸರಕ್ಕಿಂತ ಅಳು ಮೊದಲು ಬರಬೇಕು, ಹಿಂದಕ್ಕೆ ಹೋದೆ. ಐವತ್ತೆಂಟು, ಅಡಿಕೆ ಅಜ್ಜ. ಈಗ ಎರಡರ ನಡುವೆ. ಅರವತ್ತೈದು, ಯಾರದೋ ಪಹಣಿ. ಅರವತ್ತೊಂಬತ್ತು. ಎಪ್ಪತ್ತೊಂದು. ಪರದೆಯ ಮೇಲೆ ನರ್ಸಿಂಗ್ ಪದವಿಯ ಸರ್ಟಿಫಿಕೇಟ್ ನಿಧಾನವಾಗಿ ಮೇಲಿನಿಂದ ಕೆಳಕ್ಕೆ ಮೂಡಿತು. ಮೊದಲು ಮುದ್ರೆ, ಆಮೇಲೆ ಹೆಸರು. ಆಕೆ ನನ್ನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡರು. ಎಪ್ಪತ್ತೊಂದರಿಂದ ಎಪ್ಪತ್ತೈದು, ಐದೂ ಇದ್ದವು.

ಮೂರೂ ಇಪ್ಪತ್ತೊಂಬತ್ತು. ಮುಗಿಯಿತು ಎಂದುಕೊಂಡೆ. ವೆಬ್‌ಸೈಟು ತೆರೆಯಲು, ಆಕೆಯ ಪಾಸ್‌ವರ್ಡು ನೆನಪಾಗಲು, ಹೊಸ ಮೊಬೈಲಿಗೆ ಬರಬೇಕಾದ ಒ.ಟಿ.ಪಿ. ಬರಲು ಹದಿನೈದು ನಿಮಿಷ ಹೋಯಿತು. ಮೊದಲ ಸರ್ಟಿಫಿಕೇಟ್ ಏರಿಸಿದೆ. ಕೆಂಪು ಅಕ್ಷರ ಬಂತು: ಫೈಲಿನ ಹೆಸರು ಸರಿಯಿಲ್ಲ. ಮತ್ತೆ ಏರಿಸಿದೆ. ಅದೇ ಕೆಂಪು. ಹೆಸರನ್ನು ಚಿಕ್ಕದು ಮಾಡಿದೆ, ದೊಡ್ಡದು ಮಾಡಿದೆ. ಕೆಂಪು. ಮೂರೂ ನಲವತ್ತೊಂಬತ್ತು. ನಾನು ಅದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತಲೇ ಇದ್ದೆ.

"ಏಳು," ಎಂದರು ಕಾಕ.

ಅವರು ಕುಳಿತು ಪುಟದ ತಳಕ್ಕೆ ಹೋದರು, ಯಾರೂ ಓದದ ಸಣ್ಣ ಅಕ್ಷರಗಳಿರುವ ಕಡೆ. ಕನ್ನಡಕ ಇಳಿಸಿ ತುಟಿ ಅಲುಗಿಸಿ ಓದಿದರು. "ಪಾಸ್‌ಪೋರ್ಟ್ ನಂಬರ್, ಅಡ್ಡಗೆರೆ, ಕಾಗದದ ಹೆಸರು, ಅಡ್ಡಗೆರೆ, ಎರಡು ಅಂಕಿ. ಅವರಿಗೂ ಒಂದು ಕ್ರಮ ಉಂಟು. ಅಕ್ಕ, ಪಾಸ್‌ಪೋರ್ಟ್ ನಂಬರ್ ಹೇಳಿ."

ಮತ್ತೆ ಆ ಬೆರಳು. ಮೇಲಕ್ಕೆ. ಟಕ್. ಮೇಲಕ್ಕೆ. ಟಕ್. "ಕಾಕ, ನಾನು ಮಾಡುತ್ತೇನೆ, ಬೇಗ ಆಗುತ್ತದೆ," ಎಂದೆ. "ಬೇಗ ಆದದ್ದು ಒಮ್ಮೆ ನೋಡಿ ಆಯಿತು," ಎಂದರು, ಕಣ್ಣೆತ್ತದೆ. ಮೊದಲನೆಯದು ಏರಿತು. ಹಸಿರು. ಎರಡನೆಯದು. ಒಂದು ಅಕ್ಷರವೂ ತಪ್ಪಲಿಲ್ಲ, ಒಂದನ್ನೂ ಅಳಿಸಲಿಲ್ಲ. ಐದನೆಯದರ ಹಸಿರು ಬಂದಾಗ ಮೂರೂ ಐವತ್ತೇಳು.

ಆಕೆ ಸ್ಟೂಲಿನ ಮೇಲೆ ಕುಳಿತರು. ಅಳಲಿಲ್ಲ. ಕಿತ್ತ ಚಪ್ಪಲಿಯ ಪಟ್ಟಿಯನ್ನು ಎರಡು ಸಲ ಸಿಕ್ಕಿಸಲು ನೋಡಿ, ಕೊನೆಗೆ ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡರು. ಕಾಕ ನೀರು ಕೊಟ್ಟರು. ಹೊರಡುವಾಗ ಆಕೆ ನನ್ನ ಎದುರು ನಿಂತು, "ನಾನು ಹೋದ ಮೇಲೆ ಈವತ್ತಿನದ್ದನ್ನೂ ಮಾಡಿ ತೋರಿಸುತ್ತೀರಾ?" ಎಂದು ಕೇಳಿದರು.

"ಇಲ್ಲ ಅಕ್ಕ."

"ಓಡಿ ಬಂದದ್ದನ್ನು ಬೇಕಾದರೆ ಮಾಡಿ," ಎಂದರು. "ಅದು ನನಗೇ ನಗು ಬರುವ ಹಾಗಿತ್ತು."

ಆ ಸಂಜೆ ಕೆಲಸದಿಂದ ತೆಗೆಯುತ್ತಾರೆಂದು ನಾನು ಟಿಫಿನ್ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ನಿಂತಿದ್ದೆ. ಕಾಕ ಅದನ್ನು ನೋಡಿ, "ಕೂತುಕೋ," ಎಂದರು. ಆಮೇಲೆ ಅವರು ಹೇಳಿದ್ದು ಒಂದು ಸಣ್ಣ ಸಂಗತಿ. ಗಲ್ಫಿಗೆ ಹೋದ ಹೊಸದರಲ್ಲಿ ಅವರೊಂದು ನಕ್ಷೆಗೆ 'ಫೈನಲ್' ಎಂದು ಹೆಸರಿಟ್ಟಿದ್ದರು. ವಾರದ ನಂತರ ನಕ್ಷೆ ತಿದ್ದಿ ಬಂತು. ಅದಕ್ಕೂ ಫೈನಲ್ ಎಂದೇ ಇಟ್ಟರು. ಸೈಟಿನಲ್ಲಿ ಹಳೆಯದನ್ನು ಹಿಡಿದು ಮೂರು ದಿನ ಪೈಪ್ ಕತ್ತರಿಸಿದರು. ನಕ್ಷೆ ಹಿಡಿದಿದ್ದ ಮಲಯಾಳಿ ಹುಡುಗನನ್ನು ಮರುವಾರದ ವಿಮಾನಕ್ಕೆ ಹತ್ತಿಸಿ ಊರಿಗೆ ಕಳುಹಿಸಿದರು.

"ಹೆಸರಿಟ್ಟದ್ದು ನಾನು. ಹೋದದ್ದು ಅವನು. ನಾನು ಬಾಯಿ ತೆರೆಯಲಿಲ್ಲ," ಎಂದರು ಕಾಕ. "ನೀನು ಹದಿನೇಳು ನಿಮಿಷಕ್ಕೆ ತೆರೆದೆ. ನನಗಿಂತ ಅಡ್ಡಿ ಇಲ್ಲ. ನಾನೂ ಫೈಲು ತೆರೆದು ನೋಡದೆ ಬೆನ್ನು ತಟ್ಟಿದೆನಲ್ಲ. ನಾಳೆ ಎಂಟು ಗಂಟೆಗೆ ಬಾ."

ಮರುದಿನ ಎಂಟಕ್ಕೆ ಬಂದರೆ ಕಾಕ ಆಗಲೇ ಇದ್ದರು. ಕಾಪುವಿನಿಂದ ಮೊದಲ ಬಸ್ಸು ಹಿಡಿದಿದ್ದರು. ಎರಡು ಕುರ್ಚಿ ಅಕ್ಕಪಕ್ಕ. ಒಂದನೇ ನಂಬರಿನಿಂದ ಶುರು. 'ಅಳುಬುರುಕಿ'ಯ ಐದು ಫೈಲುಗಳಿಗೆ ನಾನೇ, ರಟ್ಟು ನೋಡಿ, ಮನೆಯ ಹೆಸರು ಸಹಿತ ಬರೆದೆ. ಅಂಗಡಿ ತೆರೆಯುವ ಮೊದಲಿನ ಒಂದು ಗಂಟೆ, ದಿನಕ್ಕೆ ಇಪ್ಪತ್ತು, ಇಪ್ಪತ್ತೈದು. ಕಾಗದದಲ್ಲಿ ಹೆಸರಿದ್ದರೆ ಸರಿ. ಅಕ್ಷರ ಮಾಸಿದ್ದರೆ, ಬರೀ ಒಂದು ಪುಟದ ಹಿಂಬದಿ ಇದ್ದರೆ ಕಾಕ, "ಯಾರಿವರು?" ಎಂದು ಕೇಳುತ್ತಿದ್ದರು. "ಹೆಸರು ಗೊತ್ತಿಲ್ಲ." "ಹಾಗಾದರೆ ಮಾಡು." ನಾನು ಎದ್ದು ಆ ಮನುಷ್ಯನ ಹಾಗೆ ನಡೆದು, ಅವನ ಹಾಗೆ ಮಾತಾಡಿ ತೋರಿಸುತ್ತಿದ್ದೆ. ಕಾಕ ಕಣ್ಣು ಸಣ್ಣದು ಮಾಡಿ ನೋಡಿ, "ಇದು ಕಲ್ಯಾಣಪುರದ ಟೈಲರ್, ಮೊನ್ನೆ ಬಂದಿದ್ದರು" ಎಂದು ಹೇಳಿದ್ದೂ ಉಂಟು. ಅಷ್ಟು ಗಮನ ಕೊಟ್ಟು ನೋಡುವ ಪ್ರೇಕ್ಷಕ ನನಗೆ ಮತ್ತೆ ಸಿಗಲಿಲ್ಲ. ಒಮ್ಮೆಯೂ ನಗುತ್ತಿರಲಿಲ್ಲ.

ಸಾವಿರಕ್ಕೂ ಹೆಚ್ಚು ಜನ ಎದುರಿಗೆ ಬಂದು ನಿಂತು ಹೋಗಿದ್ದರು. ಅವರ ಕೆಮ್ಮು, ಕುಂಟು, ಉಗುಳು ಎಲ್ಲ ನನ್ನ ಹತ್ತಿರ ಇತ್ತು. ಹೆಸರು ಕೇಳಿದ್ದು ಹತ್ತು ಜನರದ್ದೂ ಇರಲಿಕ್ಕಿಲ್ಲ.

ನರ್ಸ್ ಅಕ್ಕ ಹೊರಟ ದಿನ ಮಂಗಳೂರು ವಿಮಾನ ನಿಲ್ದಾಣದಿಂದ ಫೋನ್ ಮಾಡಿದ್ದರು, ನನಗಲ್ಲ, ಕಾಕನಿಗೆ. ಕಾಕ ಫೋನನ್ನು ನನ್ನ ಕಡೆ ಹಿಡಿದರು. "ಏನಾದರೂ ಹೇಳು." ನಾನು, "ಹೋಗಿ ಬನ್ನಿ ಅಕ್ಕ" ಎಂದಷ್ಟೇ ಹೇಳಿ ವಾಪಸು ಕೊಟ್ಟೆ. ಅವರ ಮಗು ಹಿಂದೆ ಎಲ್ಲೋ ಕಿರುಚುತ್ತಿತ್ತು.

ಹೆಸರಿಟ್ಟ ಫೈಲುಗಳು ಎರಡು ಸಾವಿರ ದಾಟಿದ ಮೇಲೆ ಕಾಕನಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಒಂದು ದಿನ ಎಂಟು ಗಂಟೆಗೆ ಕುರ್ಚಿ ಖಾಲಿ ಇತ್ತು. ಮಣಿಪಾಲದ ಆಸ್ಪತ್ರೆಯಲ್ಲಿದ್ದಾರೆಂದು ಮಗ ಫೋನ್ ಮಾಡಿದ. ಅಂಗಡಿ ಮುಚ್ಚಿ ಹೋದೆ. ಮೂಗಿಗೆ ನಳಿಗೆ ಹಾಕಿದ್ದರು. ನನ್ನನ್ನು ಕಂಡ ಕೂಡಲೇ ಕೇಳಿದ್ದು, "ಎಷ್ಟಾಯಿತು?"

"ಎರಡು ಸಾವಿರದ ಇನ್ನೂರ ಎಂಟು."

"'ಕೇಳಬೇಕು' ಎಷ್ಟು?"

ಯಾವ ರೀತಿಯಲ್ಲೂ ಗುರುತು ಸಿಗದ ಫೈಲುಗಳಿಗೆ ಕಾಕ ಒಂದು ಪ್ರತ್ಯೇಕ ಫೋಲ್ಡರ್ ಮಾಡಿದ್ದರು. ಅದರ ಹೆಸರು 'ಕೇಳಬೇಕು'. ಬರೀ ಹೆಬ್ಬೆಟ್ಟಿನ ಗುರುತಿರುವ ಒಂದು ಹಾಳೆ, ಅರ್ಧ ಹರಿದ ಒಂದು ಜಾತಕ, ಯಾರದೋ ಮಗುವಿನ ಒಂದನೇ ತರಗತಿಯ ಅಂಕಪಟ್ಟಿ, ಹೀಗೆ.

"ನಲವತ್ತೊಂದು," ಎಂದೆ. "ಅವನ್ನು ಅಳಿಸಿ ಬಿಡಲಾ ಕಾಕ? ಯಾರೂ ಕೇಳಿಕೊಂಡು ಬರಲಿಲ್ಲ."

ಅವರು ತಲೆ ಅಲ್ಲಾಡಿಸಿದರು. ಮಾತಿಗೆ ಉಸಿರು ಸಾಲದೆ ಎರಡು ಸಲ ನಿಂತು ಹೇಳಿದರು. "ಆ ಕಾಗದ ಇಲ್ಲದೆ ಯಾರೋ ಎಲ್ಲಿಯೋ ನಿಂತಿರಬಹುದು ಮಾರಾಯ. ಬಂದಾಗ ಕೇಳು."

ನಾಲ್ಕನೆಯ ದಿನ ತೀರಿಕೊಂಡರು. ಕಾಪುವಿನಲ್ಲಿ ದಫನ ಮುಗಿದು ಜನ ಚದುರುವಾಗ ಅವರ ಮಗ ನನ್ನ ಹೆಗಲ ಮೇಲೆ ಕೈ ಇಟ್ಟು, "ಅಂಗಡಿ ನೀನೇ ನೋಡಿಕೋ," ಎಂದ. ಉಳಿದ ಎಂಟುನೂರು ಚಿಲ್ಲರೆ ಫೈಲುಗಳನ್ನು ನಾನೊಬ್ಬನೇ ಮುಗಿಸಿದೆ, ಬೆಳಿಗ್ಗೆ ಎಂಟಕ್ಕೆ ಬಂದು, ಒಂದೊಂದನ್ನೂ ತೆರೆದು.

ಕಳೆದ ಸೋಮವಾರ ಒಬ್ಬರು ಅಜ್ಜಿ ಪಿಂಚಣಿಯ ಕಾಗದ ಜೆರಾಕ್ಸ್ ಮಾಡಿಸಲು ಬಂದರು. ಬಾಗಿಲಲ್ಲಿ ನಿಂತು, ಒಳಗೆ ಬರುವ ಮೊದಲು ಎಡಗೈಯಿಂದ ಹೊಸ್ತಿಲನ್ನು ಮುಟ್ಟಿದರು. ಎರಡು ವರ್ಷದ ಹಿಂದೆ, ಆ ಹೆಬ್ಬೆಟ್ಟಿನ ಹಾಳೆ ಹಿಡಿದು ಬಂದವರು ಹಾಗೆಯೇ ಮುಟ್ಟಿದ್ದನ್ನು ನೋಡಿದ್ದೆ.

"ಅಜ್ಜಿ, ನಿಮ್ಮ ಹೆಸರು ಎಂತ? ಮನೆ ಯಾವುದು?"

"ಯಾಕೆ ಮಗ, ಎಂತ ಆಯಿತು?" ಎಂದರು ಗಾಬರಿಯಿಂದ.

"ಏನೂ ಆಗಲಿಲ್ಲ ಅಜ್ಜಿ. ನಿಮ್ಮ ಹೆಬ್ಬೆಟ್ಟಿನ ಒಂದು ಕಾಗದ ನಮ್ಮಲ್ಲಿ ಉಂಟು."

ಅವರು ಹೆಸರು ಹೇಳಿದರು. ಮನೆಯ ಹೆಸರು ಹೇಳಿದರು. ನಾನು ಬರೆದುಕೊಂಡೆ. 'ಕೇಳಬೇಕು' ಫೋಲ್ಡರಿನಲ್ಲಿ ಇನ್ನು ಹನ್ನೊಂದು ಉಳಿದಿವೆ.